ಹೊಸ ಕ್ಯಾಂಪರ್ ಯಾಕೆ ಸೋರುತ್ತದೆ? ಕೊಳ್ಳುವ ಮುನ್ನ ನೋಡಬೇಕಾದ್ದು ಎಲ್ಲಿ?

ಅಮೆರಿಕದಲ್ಲಿ ಹೊಸ ಕ್ಯಾಂಪರ್ (ಮಲಗಲು, ಅಡುಗೆಗೆ, ಬಚ್ಚಲಿಗೆ ಜಾಗವಿರುವ ಪ್ರವಾಸದ ಗಾಡಿ) ಕೊಂಡವರು ಮೊದಲ ವರ್ಷವೇ ಅದನ್ನು ರಿಪೇರಿಗೆ ಬಿಟ್ಟು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವುದು ಎಷ್ಟು ಮಾಮೂಲಾಗಿದೆಯೆಂದರೆ, ಮಾರುವವರು ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. ಮೊದಲ ಸೀಸನ್ನಿನಲ್ಲಿ ಸಣ್ಣಪುಟ್ಟದ್ದು ಇದ್ದೇ ಇರುತ್ತದೆ, ವಾರಂಟಿ ಇದೆಯಲ್ಲ ಎನ್ನುತ್ತಾರೆ. ಆ ಸಣ್ಣಪುಟ್ಟದ್ದರಲ್ಲಿ ಏನೇನು ಸೇರುತ್ತದೆ ನೋಡಿ: ಕಿಟಕಿಯ ಮೂಲೆಯಿಂದ ಒಳಗಿಳಿಯುವ ಮಳೆನೀರು, ಎರಡನೇ ಪ್ರಯಾಣಕ್ಕೇ ಕಳಚಿಕೊಳ್ಳುವ ಡ್ರಾಯರ್, ಸಿಂಕ್ ಕೆಳಗೆ ಸರಿಯಾಗಿ ಬಿಗಿಯದ ಪೈಪು, ಹೀಟರ್‌ಗೆ ಜೋಡಿಸಲು ಮರೆತ ವೈರು. ಮೂವತ್ತು ನಲವತ್ತು ಸಾವಿರ ಡಾಲರ್ ಕೊಟ್ಟು ತಂದ ಕಾರಿನಲ್ಲಿ ಇದರ ಕಾಲು ಭಾಗ ಕಂಡರೂ ನಾವು ಶೋರೂಮಿಗೆ ಹೋಗಿ ಜಗಳ ತೆಗೆಯುತ್ತೇವೆ. ಕ್ಯಾಂಪರ್ ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ಪಿಕೊಂಡು ಕೂತಿದ್ದೇವೆ.

ಒಪ್ಪಿಕೊಳ್ಳಬಾರದು ಅನ್ನುವುದಕ್ಕೇ ಈ ಲೇಖನ. ಈ ದೋಷಗಳು ಆಕಸ್ಮಿಕವಲ್ಲ. ಕಾರ್ಖಾನೆಯಲ್ಲಿ ನಡೆಯಬೇಕಾದ ಕೊನೆಯ ತಪಾಸಣೆ ಕೊಂಡವರ ಮನೆಯಂಗಳದಲ್ಲಿ ನಡೆಯುವ ಹಾಗೆ ಈ ಉದ್ಯಮ ಬೆಳೆದು ಬಂದಿದೆ. ಅದು ಹೇಗೆ ಅಂತ ಗೊತ್ತಾದರೆ ಕೊಳ್ಳುವಾಗ ಕಣ್ಣು ಎಲ್ಲಿಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಇಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಕ್ಯಾಂಪರ್ ಆಸೆ ಕೋವಿಡ್ ಕಾಲದಿಂದ ಹೆಚ್ಚಾಗಿದೆ. ಕಾರಣ ಅರ್ಥವಾಗುವಂಥದ್ದೇ. ಯೊಸೆಮಿಟಿಯಲ್ಲೋ ಯೆಲ್ಲೋಸ್ಟೋನಿನಲ್ಲೋ ಹೋಟೆಲ್ ರೂಮು ಸಿಗುವುದು ಕಷ್ಟ, ಸಿಕ್ಕರೂ ಸಸ್ಯಾಹಾರಿಗಳಿಗೆ ಊಟದ ಪರದಾಟ. ನಮ್ಮದೇ ಒಲೆ, ನಮ್ಮದೇ ಕುಕ್ಕರ್, ಊರಿಂದ ಬಂದ ಅಪ್ಪ ಅಮ್ಮನಿಗೆ ಪಕ್ಕದಲ್ಲೇ ಬಚ್ಚಲು ಇದ್ದರೆ ಪ್ರವಾಸ ಎಷ್ಟು ಹಗುರವಾಗುತ್ತದೆ ಅಂತ ಬಾಡಿಗೆ ಕ್ಯಾಂಪರಿನಲ್ಲಿ ಒಮ್ಮೆ ಹೋಗಿಬಂದವರಿಗೆ ಗೊತ್ತು. ಆ ಖುಷಿಯಲ್ಲೇ ಸೀದಾ ಡೀಲರ್ ಬಳಿ ಹೋಗಿ ಸಹಿ ಹಾಕಿಬಿಡುವುದರಿಂದಲೇ ತೊಂದರೆ ಶುರುವಾಗುತ್ತದೆ.

ಒಂದೇ ಜಿಲ್ಲೆ, ಮೂರೇ ಕಂಪನಿ

ಡೀಲರ್ ಅಂಗಳದಲ್ಲಿ ಹತ್ತಾರು ಹೆಸರುಗಳು ಕಾಣುತ್ತವೆ. ಆದರೆ ಅಮೆರಿಕದ ಕ್ಯಾಂಪರ್‌ಗಳಲ್ಲಿ ಶೇ 80ಕ್ಕೂ ಹೆಚ್ಚು ತಯಾರಾಗುವುದು ಇಂಡಿಯಾನಾ ರಾಜ್ಯದ ಉತ್ತರ ಭಾಗದಲ್ಲಿ, ಎಲ್ಕ್‌ಹಾರ್ಟ್ ಮತ್ತು ಅದರ ಸುತ್ತಮುತ್ತ. ಮಾರುಕಟ್ಟೆಯ ಬಹುಪಾಲು ಮೂರು ಕಂಪನಿಗಳ ಕೈಯಲ್ಲಿದೆ. ಥಾರ್ ಇಂಡಸ್ಟ್ರೀಸ್ 1980ರಲ್ಲಿ ಏರ್‌ಸ್ಟ್ರೀಮ್ ಕೊಂಡು ಹುಟ್ಟಿದ ಕಂಪನಿ. ಕೀಸ್ಟೋನ್, 2016ರಲ್ಲಿ ಕೊಂಡ ಜೇಕೊ ಎಲ್ಲ ಈಗ ಅದರದೇ. ಫಾರೆಸ್ಟ್ ರಿವರ್ 2005ರಿಂದ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಒಡೆತನದಲ್ಲಿದೆ. ಮೂರನೆಯದು ವಿನ್ನೆಬೇಗೊ, ಅದು 2016ರಲ್ಲಿ ಗ್ರಾಂಡ್ ಡಿಸೈನ್ ಕೊಂಡಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಹೆಸರುಗಳ ನಡುವಿನ ವ್ಯತ್ಯಾಸ ಮತ್ತೂ ಕರಗುತ್ತದೆ. ಚಾಸಿಸ್, ಕಿಟಕಿ, ಮೆಟ್ಟಿಲು, ಪಕ್ಕಕ್ಕೆ ಚಾಚಿಕೊಳ್ಳುವ ಸ್ಲೈಡ್‌ನ ಯಂತ್ರ ಇವುಗಳಲ್ಲಿ ದೊಡ್ಡ ಪಾಲು ಲಿಪ್ಪರ್ಟ್ ಎಂಬ ಒಂದೇ ಕಂಪನಿಯಿಂದ ಬರುತ್ತದೆ. ಆಕ್ಸಲ್ ಲಿಪ್ಪರ್ಟ್‌ನದು, ಇಲ್ಲವೇ ಡೆಕ್ಸ್‌ಟರ್‌ನದು. ಎಸಿ, ಫ್ರಿಜ್ಜು, ಒಲೆಗಳದ್ದೂ ಬೆರಳೆಣಿಕೆಯ ಹೆಸರುಗಳೇ. ಹಾಗಾಗಿ ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಸರಳ ಉತ್ತರವಿಲ್ಲ. ಒಳಗಿನ ಸಾಮಾನು ಬಹುಮಟ್ಟಿಗೆ ಒಂದೇ. ಅದನ್ನು ಜೋಡಿಸಿದ ಕೈಗೆ ಎಷ್ಟು ಸಮಯ ಸಿಕ್ಕಿತು, ಜೋಡಿಸಿದ ಮೇಲೆ ಯಾರು ನೋಡಿದರು ಅನ್ನುವುದರಲ್ಲಿ ಗುಣಮಟ್ಟ ಬೇರೆಯಾಗುತ್ತದೆ.

ಸಮಯದ ಈ ಮಾತೇ ಎಲ್ಲಕ್ಕಿಂತ ದೊಡ್ಡದು. ಎಲ್ಕ್‌ಹಾರ್ಟ್ ಭಾಗದ ಬಹಳಷ್ಟು ಕಾರ್ಖಾನೆಗಳಲ್ಲಿ ಕೂಲಿ ಗಂಟೆಯ ಲೆಕ್ಕದ್ದಲ್ಲ, ಉತ್ಪಾದನೆಯ ಲೆಕ್ಕದ್ದು. ದಿನಕ್ಕೆ ಇಷ್ಟು ಗಾಡಿ ಅಂತ ಗುರಿ, ಅದು ಮುಗಿದರೆ ಮನೆಗೆ ಹೋಗಬಹುದು. ಬೆಳಗಿನ ಜಾವವೇ ಕೆಲಸ ಶುರುಮಾಡಿ ಮಧ್ಯಾಹ್ನದ ಹೊತ್ತಿಗೆ ಮುಗಿಸುವ ತಂಡಗಳಿವೆ. ಕೆಲಸಗಾರರನ್ನು ದೂರುವಂತಿಲ್ಲ. ಅವರ ಕೈಚಳಕ ದೊಡ್ಡದು, ಸರಳ ಬದುಕಿಗೆ ಹೆಸರಾದ ಅಮಿಷ್ ಎಂಬ ಕ್ರೈಸ್ತ ಸಮುದಾಯದ ಎಷ್ಟೋ ನುರಿತ ಬಡಗಿಗಳು ಅಲ್ಲಿ ದುಡಿಯುತ್ತಾರೆ. ಆದರೆ ಗೋಡೆಯೊಳಗಿನ ಮರದ ಪಟ್ಟಿಗೆ ಸಿಗದೆ ಪಕ್ಕಕ್ಕೆ ಹೋದ ಸ್ಕ್ರೂ ಒಂದನ್ನು ತೆಗೆದು ಮತ್ತೆ ಹಾಕುವುದರಿಂದ ಇಡೀ ತಂಡದ ಸಂಪಾದನೆಗೆ ಪೆಟ್ಟು ಬೀಳುವಂತಿದ್ದರೆ, ಆ ಸ್ಕ್ರೂ ಅಲ್ಲೇ ಉಳಿಯುತ್ತದೆ.

ಕಂಪನಿಗಳು ಹೀಗೇಕೆ ನಡೆಯುತ್ತವೆ ಅನ್ನುವುದಕ್ಕೂ ಇತಿಹಾಸವಿದೆ. ಕ್ಯಾಂಪರ್ ಅನ್ನುವುದು ಜನ ಕೈಯಲ್ಲಿ ಕಾಸು ಹೆಚ್ಚಿದ್ದಾಗ ಕೊಳ್ಳುವ ವಸ್ತು. 2006ರಲ್ಲಿ ಸುಮಾರು 3.9 ಲಕ್ಷ ಗಾಡಿ ಕಾರ್ಖಾನೆಯಿಂದ ಹೊರಬಿದ್ದಿದ್ದವು. 2009ಕ್ಕೆ ಅದು 1.66 ಲಕ್ಷಕ್ಕೆ ಕುಸಿಯಿತು. ಎಲ್ಕ್‌ಹಾರ್ಟ್‌ನಲ್ಲಿ ನಿರುದ್ಯೋಗ ಶೇ 20ರ ಹತ್ತಿರ ಹೋಯಿತು. ಅಧ್ಯಕ್ಷರಾದ ಮೂರನೇ ವಾರಕ್ಕೆ ಒಬಾಮ ಅಲ್ಲಿಗೆ ಬಂದು ಭಾಷಣ ಮಾಡಿದ್ದು ಅದೇ ಕಾರಣಕ್ಕೆ. ಹೀಗೆ ಏರಿ ಬೀಳುವ ಧಂದೆಯಲ್ಲಿ ದುಬಾರಿ ಯಂತ್ರಗಳ ಮೇಲೆ, ಕಾಯಂ ತಪಾಸಣೆಯ ಸಿಬ್ಬಂದಿಯ ಮೇಲೆ ಹಣ ಹಾಕಲು ಮಾಲೀಕರು ಹಿಂಜರಿಯುತ್ತಾರೆ. ಬೇಡಿಕೆ ಬಂದಾಗ ಜನರನ್ನು ಸೇರಿಸಿಕೊಂಡು, ಇಳಿದಾಗ ಬಿಡಿಸಿ, ಮರ, ಅಂಟು, ಸ್ಟೇಪಲ್ ಪಿನ್ನಿನಲ್ಲಿ ಕೆಲಸ ಮುಗಿಸುವುದೇ ಅವರಿಗೆ ಕ್ಷೇಮ. ಅಪಾಯದ ಭಾರ ಕಾರ್ಖಾನೆಯಿಂದ ಡೀಲರಿಗೆ, ಡೀಲರಿಂದ ನಮಗೆ ದಾಟುತ್ತದೆ.

ಕೋವಿಡ್ ಇದನ್ನೆಲ್ಲ ಇನ್ನಷ್ಟು ಹದಗೆಡಿಸಿತು. ವಿಮಾನ ಬಿಟ್ಟು ರಸ್ತೆ ಹಿಡಿದ ಜನ ಡೀಲರುಗಳ ಅಂಗಳ ಖಾಲಿ ಮಾಡಿದರು. 2021ರಲ್ಲಿ 6,00,240 ಗಾಡಿ ಹೊರಬಂದವು. ಈ ಉದ್ಯಮದ ದಾಖಲೆ ಅದು. ಬಿಡಿಭಾಗಗಳ ಕೊರತೆ ಇದ್ದ, ಹೊಸ ಕೆಲಸಗಾರರೇ ತುಂಬಿದ್ದ ವರ್ಷದಲ್ಲಿ ಆದ ದಾಖಲೆ. 2023ಕ್ಕೆ ಸಂಖ್ಯೆ 3,13,174ಕ್ಕೆ ಇಳಿದು, 2024ರಲ್ಲಿ 3,33,733ಕ್ಕೆ ಅಲ್ಪ ಚೇತರಿಸಿಕೊಂಡಿತು. ಆ ಭರಾಟೆಯಲ್ಲಿ ಕೊಂಡವರು ಈಗ ಮಾರುತ್ತಿದ್ದಾರೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುವವರು 2021, 2022ರ ಮಾಡೆಲ್‌ಗಳನ್ನು ಉಳಿದವುಗಳಿಗಿಂತ ಹೆಚ್ಚು ಅನುಮಾನದಿಂದಲೇ ನೋಡಬೇಕು.

ಬಾಗಿಲ ಪಕ್ಕದ ಸೀಲ್ ಏನು ಹೇಳುತ್ತದೆ

ಬಾಗಿಲ ಹತ್ತಿರ ಆರ್‌ವಿಐಎ ಎಂಬ ಅಂಡಾಕಾರದ ಸೀಲ್ ಅಂಟಿಸಿರುತ್ತಾರೆ. ಮಾರುವವರು ಅದನ್ನು ತೋರಿಸಿ ಗುಣಮಟ್ಟದ ಗ್ಯಾರಂಟಿ ಅನ್ನುವಂತೆ ಮಾತಾಡುವುದುಂಟು. ಅದು ತಯಾರಕರ ಸಂಘವೇ ಕೊಡುವ ಸೀಲ್. ಎನ್‌ಎಫ್‌ಪಿಎ 1192 ಮೊದಲಾದ ಮಾನದಂಡಗಳ ಪ್ರಕಾರ ಬೆಂಕಿ, ಗ್ಯಾಸು, ವಿದ್ಯುತ್ತು, ನೀರಿನ ಪೈಪುಗಳ ಸುರಕ್ಷತೆಯ ನಿಯಮ ಪಾಲಿಸುತ್ತೇವೆ ಅಂತ ಕಂಪನಿ ಸಾರುವ ಗುರುತು. ಅದು ಬೇಕಾದದ್ದೇ, ಇಲ್ಲದಿದ್ದರೆ ಕೊಳ್ಳಬೇಡಿ. ಆದರೆ ಚಾವಣಿ ಸೋರುವುದಿಲ್ಲ, ಗೋಡೆ ಉಬ್ಬುವುದಿಲ್ಲ, ಕಪಾಟು ಕಳಚುವುದಿಲ್ಲ ಅನ್ನುವ ಮಾತು ಅದರಲ್ಲಿಲ್ಲ.

ಸರ್ಕಾರದ ಕಡೆಯಿಂದ ಎನ್‌ಎಚ್‌ಟಿಎಸ್‌ಎ ಎಂಬ ಸಂಸ್ಥೆ ರಸ್ತೆ ಸುರಕ್ಷತೆಯನ್ನು ನೋಡಿಕೊಳ್ಳುತ್ತದೆ, ರೀಕಾಲ್ ಮಾಡಿಸುತ್ತದೆ. ದೋಷಗಳ ಮಾಹಿತಿಯನ್ನು ಸಕಾಲಕ್ಕೆ ಕೊಡಲಿಲ್ಲವೆಂಬ ಪ್ರಕರಣದಲ್ಲಿ ಫಾರೆಸ್ಟ್ ರಿವರ್ 2015ರಲ್ಲಿ 3.5 ಕೋಟಿ ಡಾಲರ್‌ವರೆಗಿನ ದಂಡಕ್ಕೆ ಒಪ್ಪಿಕೊಂಡಿದ್ದು ಆ ಸಂಸ್ಥೆಯ ಮುಂದೆಯೇ. ಒಳಗಿನ ಸಾಮಗ್ರಿಯ ವಿಷಯದಲ್ಲಿ ಕಾನೂನು ಬಿಗಿಯಾಗಲು ಒಂದು ದುರಂತವೇ ಆಗಬೇಕಾಯಿತು. 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳಕೊಂಡವರನ್ನು ಟ್ರೇಲರ್‌ಗಳಲ್ಲಿ ಇರಿಸಿದಾಗ ಅವರಿಗೆ ಕಣ್ಣುರಿ, ಉಸಿರಾಟದ ತೊಂದರೆ ಕಾಣಿಸಿತು. ರೋಗ ನಿಯಂತ್ರಣದ ಸರ್ಕಾರಿ ಸಂಸ್ಥೆ ಸಿಡಿಸಿ 519 ಟ್ರೇಲರ್‌ಗಳಲ್ಲಿ ಪರೀಕ್ಷೆ ಮಾಡಿ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಪ್ರಮಾಣ ಸರಾಸರಿ 77 ಪಿಪಿಬಿ (ನೂರು ಕೋಟಿ ಭಾಗ ಗಾಳಿಯಲ್ಲಿ 77 ಭಾಗ) ಇದೆ ಅಂತ 2008ರಲ್ಲಿ ಹೇಳಿತು. ಅಗ್ಗದ ಪ್ಲೈವುಡ್, ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಬಂದ ಅನಿಲ ಅದು. 2010ರಲ್ಲಿ ಅಂಥ ಬೋರ್ಡುಗಳಿಗೆ ರಾಷ್ಟ್ರೀಯ ಮಿತಿ ಹಾಕುವ ಕಾಯ್ದೆ ಬಂತು. ಈಗಲೂ ಹೊಸ ಗಾಡಿಯೊಳಗೆ ಮೂಗಿಗೆ ಚುರುಕು ವಾಸನೆ ಬಂದರೆ ಕಿಟಕಿ ತೆರೆದು ಚೆನ್ನಾಗಿ ಗಾಳಿಯಾಡಿಸಿಯೇ ಮಕ್ಕಳನ್ನು ಮಲಗಿಸಬೇಕು.

ಮೊದಲು ಏಣಿ ತರಿಸಿ

ಕನ್ನಡ ಕೂಟದ ಗೆಳೆಯರೊಬ್ಬರ ಜೊತೆ ಕ್ಯಾಂಪರ್ ನೋಡಲು ಹೋಗಿದ್ದೆ. ಅವರ ಹೆಂಡತಿ ಒಳಗೆ ಕಾಲಿಟ್ಟವರೇ, "ಎಷ್ಟು ಚೆನ್ನಾಗಿದೆ ನೋಡಿ, ನಮ್ಮ ಮನೆ ಅಡುಗೆಮನೆಗಿಂತ ಇದೇ ವಾಸಿ" ಅಂದರು. ನಿಜವೇ. ಬಿಳಿ ಕಪಾಟು, ಗೋಡೆಯಲ್ಲಿ ಉರಿಯುವ ಬೆಂಕಿಯಂತೆ ಕಾಣುವ ವಿದ್ಯುತ್ ಅಗ್ಗಿಷ್ಟಿಕೆ, ದೊಡ್ಡ ಟಿವಿ, ನೀಲಿ ಎಲ್‌ಇಡಿ. "ಒಳಗಡೆ ಆಮೇಲೆ ನೋಡೋಣ ಮೇಡಂ, ಮೊದಲು ಏಣಿ ತರಿಸಿ" ಅಂದೆ. ಮಾರುವ ಹುಡುಗ ಇನ್ಶೂರೆನ್ಸ್ ಒಪ್ಪಲ್ಲ ಅಂತ ತಡವರಿಸಿದ. ಹತ್ತಬೇಡಿ ಅಂದರೆ ಕೊಳ್ಳುವುದೂ ಬೇಡ ಅಂತ ನಾನು ಹೇಳಿದ ಮೇಲೆ ಏಣಿ ಬಂತು.

ಮೇಲೆ ಕಂಡದ್ದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ಜಾಗದಲ್ಲಿ ಕ್ಯಾಂಪರಿನ ಆಯಸ್ಸು ತೀರ್ಮಾನವಾಗುತ್ತದೆ. ಸಾಧಾರಣ ಕ್ಯಾಂಪರಿನ ಚಾವಣಿ ಅಂದರೆ ತೆಳು ಹಲಗೆ, ಅದರ ಮೇಲೆ ಅಂಟಿಸಿದ ರಬ್ಬರಿನಂಥ ಹಾಳೆ. ಈ ಹಾಳೆ ಇಪಿಡಿಎಂ, ಟಿಪಿಒ ಅಥವಾ ಪಿವಿಸಿ ಇರಬಹುದು. ಹಾಳೆ ಒಂದೇ ತುಂಡಾದ್ದರಿಂದ ನಡುವೆ ಅಷ್ಟು ಸುಲಭವಾಗಿ ಸೋರುವುದಿಲ್ಲ. ಆದರೆ ಅದನ್ನು ಹತ್ತಾರು ಕಡೆ ಕತ್ತರಿಸಿರುತ್ತಾರೆ: ಎಸಿಗೆ, ಫ್ಯಾನಿಗೆ, ಬಚ್ಚಲಿನ ಬೆಳಕಿಂಡಿಗೆ, ಶೌಚದ ಗಾಳಿ ಕೊಳವೆಗೆ, ಆಂಟೆನಾಗೆ, ಸೋಲಾರ್ ವೈರಿಗೆ. ಕತ್ತರಿಸಿದ ಪ್ರತಿ ಜಾಗದ ಸುತ್ತ ಸ್ಕ್ರೂ ಹೊಡೆದು ಅದರ ಮೇಲೆ ತಾನಾಗಿ ಹರಡಿಕೊಳ್ಳುವ ಸೀಲೆಂಟ್ (ನೀರು ತಡೆಯುವ ಅಂಟು) ಸುರಿದಿರುತ್ತಾರೆ. ಆ ದಿನ ನಾವು ನೋಡಿದ ಗಾಡಿಯಲ್ಲಿ ಬೆಳಕಿಂಡಿಯ ಮೂರು ಪಕ್ಕ ಸೀಲೆಂಟ್ ದಪ್ಪಗೆ ಕೂತಿತ್ತು, ನಾಲ್ಕನೇ ಪಕ್ಕದಲ್ಲಿ ಎರಡು ಸ್ಕ್ರೂಗಳ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಮುಂಭಾಗದ ಅಂಚಿನಲ್ಲಿ ಹಾಳೆ ಮತ್ತು ಗೋಡೆ ಕೂಡುವಲ್ಲಿ ಒಂದು ಬೆರಳಿನಷ್ಟು ಉದ್ದಕ್ಕೆ ಸೀಲೆಂಟೇ ಇರಲಿಲ್ಲ. ಕೆಳಗಡೆ ಟಿವಿ ನೋಡುತ್ತ ನಿಂತವರಿಗೆ ಇದು ಎಂದಿಗೂ ಕಾಣುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅದೇ ಮೂಲೆಯ ಕೆಳಗೆ ಮಂಚದ ಪಕ್ಕದ ಗೋಡೆ ಒತ್ತಿದರೆ ಮೆತ್ತಗಾಗಿರುತ್ತದೆ.

ಹಾಗೆ ಒಳಗೆ ಹೋದ ನೀರು ಒಳಗೇ ಉಳಿಯುವುದು ದೊಡ್ಡ ಕೇಡು. ಕೆಳಗಿಳಿದು ನೆಲದ ಹಲಗೆಯ ಅಂಚಿನಲ್ಲಿ ನಿಂತು ಮರವನ್ನು ಕೊಳೆಸುತ್ತದೆ. ಬೂಸ್ಟಿನ ವಾಸನೆ ನಮ್ಮ ಮೂಗಿಗೆ ಬರುವಷ್ಟರಲ್ಲಿ ರಿಪೇರಿಯ ಬಿಲ್ಲು ಸಾವಿರಗಳ ಲೆಕ್ಕಕ್ಕೆ ಹೋಗಿರುತ್ತದೆ. ಅದಕ್ಕೇ ಒಂದು ತೇವಮಾಪಕ ಜೇಬಿನಲ್ಲಿರಲಿ. ಮೂವತ್ತು ನಲವತ್ತು ಡಾಲರಿಗೆ ಸಿಗುತ್ತದೆ. ನಾಲ್ಕು ಮೂಲೆ, ಕಿಟಕಿಗಳ ಕೆಳಗೆ, ಕಪಾಟಿನೊಳಗೆ ಚಾವಣಿ ಮುಟ್ಟುವ ಕಡೆ, ಸ್ಲೈಡಿನ ನೆಲದ ಅಂಚು, ಇಷ್ಟು ಕಡೆ ಇಟ್ಟು ನೋಡಿ. ಒಣ ಗೋಡೆಯ ಮಧ್ಯದಲ್ಲಿ ಬರುವ ಅಂಕಿಗೂ ಮೂಲೆಯ ಅಂಕಿಗೂ ಎದ್ದುಕಾಣುವ ವ್ಯತ್ಯಾಸವಿದ್ದರೆ ಆ ಗಾಡಿ ಬಿಡಿ. ಡೀಲರ್ ಅಂಗಳದಲ್ಲಿ ಒಂದು ಚಳಿಗಾಲ ಬಯಲಲ್ಲೇ ನಿಂತ ಹೊಸ ಗಾಡಿಯೂ ತೇವ ಹಿಡಿದಿರಬಹುದು.

ಗೋಡೆಗಳಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಮರದ ಚೌಕಟ್ಟಿಗೆ ಹೊರಗಡೆ ಅಲೆಅಲೆಯಾದ ಅಲ್ಯೂಮಿನಿಯಂ ತಗಡು ಹೊಡೆದದ್ದು. ನೋಡಲು ಹಳೆಯ ಕಾಲದ್ದು ಅನ್ನಿಸುತ್ತದೆ, ಆದರೆ ತೊಂದರೆಯಾದರೆ ತಗಡು ಬಿಚ್ಚಿ ಕೊಳೆತ ಪಟ್ಟಿ ಬದಲಿಸಬಹುದು. ಎರಡನೆಯದು ನಯವಾದ ಫೈಬರ್‌ಗ್ಲಾಸ್ ಗೋಡೆ. ಫೈಬರ್‌ಗ್ಲಾಸ್, ತೆಳು ಹಲಗೆ, ಫೋಮ್, ಅಲ್ಯೂಮಿನಿಯಂ ಕಟ್ಟು ಎಲ್ಲ ಅಂಟಿನಿಂದ ಒಂದಾದದ್ದು. ಇಲ್ಲಿ ಫೈಬರ್‌ಗ್ಲಾಸಿನ ಹಿಂದೆ ಲುವಾನ್ ಪ್ಲೈವುಡ್ ಇದೆಯೋ ಆಜ್ಡೆಲ್ ಇದೆಯೋ ಅಂತ ಕೇಳಲೇಬೇಕು. ಲುವಾನ್ ಮರ, ನೀರು ತಗುಲಿದರೆ ಅಂಟು ಬಿಟ್ಟು ಹೊರಮೈ ಗುಳ್ಳೆಯಂತೆ ಉಬ್ಬುತ್ತದೆ, ಒಮ್ಮೆ ಉಬ್ಬಿದ ಗೋಡೆಗೆ ಅಗ್ಗದ ರಿಪೇರಿ ಇಲ್ಲ. ಆಜ್ಡೆಲ್ ಅಂದರೆ ಪಾಲಿಪ್ರೊಪಿಲೀನ್ ಮತ್ತು ಗಾಜಿನ ನಾರು ಸೇರಿಸಿದ ಹಾಳೆ, ಕೊಳೆಯುವುದಿಲ್ಲ. ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಹೊರಗೋಡೆಗೆ ಮಾತ್ರ ಆಜ್ಡೆಲ್ ಹಾಕಿ ಒಳಗೋಡೆಗೆ ಲುವಾನ್ ಬಿಟ್ಟವರಿದ್ದಾರೆ, ನೆಲ ಮತ್ತು ಚಾವಣಿಯ ಹಲಗೆ ಸಾಮಾನ್ಯವಾಗಿ ಮರವೇ. ಎರಡೂ ಕಡೆಯೋ ಒಂದೇ ಕಡೆಯೋ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನೋಡುವಾಗ ಗೋಡೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಉದ್ದಕ್ಕೆ ಕಣ್ಣು ಹಾಯಿಸಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಏರುಪೇರು ತಾನಾಗಿ ಕಾಣುತ್ತದೆ.

ಮೂರನೆಯ ದಾರಿಯೊಂದಿದೆ, ನನಗೆ ಹೆಚ್ಚು ಇಷ್ಟವಾದದ್ದು ಅದೇ. ಮಿನ್ನೆಸೋಟದ ಸ್ಕ್ಯಾಂಪ್, ಟೆಕ್ಸಾಸ್‌ನ ಕಸಿಟಾ, ಟೆನೆಸ್ಸಿಯ ಆಲಿವರ್, ಕೆನಡಾದ ಎಸ್ಕೇಪ್ ಇವರು ದೋಣಿ ಕಟ್ಟುವ ಹಾಗೆ ಅಚ್ಚಿನಲ್ಲಿ ಫೈಬರ್‌ಗ್ಲಾಸಿನ ಎರಡು ಚಿಪ್ಪು ತೆಗೆದು ಕೂಡಿಸುತ್ತಾರೆ. ಮೂಲೆಮೂಲೆಗೆ ಕೂಡುಗೀಲು ಇಲ್ಲದ್ದರಿಂದ ನೀರಿಗೆ ದಾರಿ ಕಡಿಮೆ. ಮೂವತ್ತು ನಲವತ್ತು ವರ್ಷದ ಸ್ಕ್ಯಾಂಪ್‌ಗಳು ಈಗಲೂ ರಸ್ತೆಯಲ್ಲಿ ಓಡಾಡುತ್ತಿವೆ. ಆದರೆ ಇವು ಚಿಕ್ಕವು, ಅಳತೆಗೆ ಹೋಲಿಸಿದರೆ ದುಬಾರಿ. ಇಬ್ಬರು ಮಕ್ಕಳ ಜೊತೆ ಅಜ್ಜ ಅಜ್ಜಿಯೂ ಬರುವ ಮನೆಗೆ ಸಾಲುವುದಿಲ್ಲ. ಏರ್‌ಸ್ಟ್ರೀಮ್ ರಿವೆಟ್ ಹೊಡೆದ ಅಲ್ಯೂಮಿನಿಯಂ ಮೈಗೆ ಹೆಸರಾದದ್ದು, ಬೆಲೆಗೂ ಹೆಸರಾದದ್ದು. ಹಳೆಯ ಏರ್‌ಸ್ಟ್ರೀಮ್‌ಗಳಲ್ಲೂ ಹಿಂಬದಿಯ ಪ್ಲೈವುಡ್ ನೆಲ ಕೊಳೆತಿರುವುದು ಸಾಮಾನ್ಯ, ಅಷ್ಟು ಗೊತ್ತಿದ್ದರೆ ಸಾಕು.

ಕೆಳಗೆ ಬಗ್ಗಿ ನೋಡುವುದನ್ನೂ ಮರೆಯಬಾರದು. ಚಾಸಿಸ್‌ನ ವೆಲ್ಡಿಂಗ್ ಒಂದೇ ಸಮನೆ ಕೂತಿದೆಯೇ, ಬಣ್ಣದ ಕೆಳಗಿಂದ ತುಕ್ಕು ಇಣುಕುತ್ತಿದೆಯೇ, ಬಾಗಿಲು ಕಿಟಕಿಗಳ ಮೂಲೆಯಲ್ಲಿ ಬಿರುಕಿದೆಯೇ. ಟೈರಿನ ಪಕ್ಕದಲ್ಲಿ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರ. ಹೊಸ ಗಾಡಿ ಅಂತ ಮಾರುವುದಕ್ಕೆ ಮೂರು ವರ್ಷದ ಟೈರು ಇದ್ದರೆ ಆ ಗಾಡಿ ಎಲ್ಲೋ ನಿಂತೇ ಇತ್ತು ಅಂತ ಅರ್ಥ. ಒಳಗಿನ ಕಪಾಟಿನ ಚೌಕಟ್ಟನ್ನು ಹಿಡಿದು ಅಲುಗಾಡಿಸಿ, ಡ್ರಾಯರ್ ಪೂರ್ತಿ ಹೊರಗೆಳೆದು ಜೋಡಿಸಿದ ಕಡೆ ಸ್ಕ್ರೂ ಇದೆಯೋ ಬರೀ ಸ್ಟೇಪಲ್ ಪಿನ್ನೋ ನೋಡಿ.

ಹಳದಿ ಚೀಟಿಯ ಲೆಕ್ಕ

ಗುಣಮಟ್ಟದ ಮಾತಿನಲ್ಲಿ ತೂಕ ಯಾಕೆ ಬಂತು ಅಂದರೆ, ಚೆನ್ನಾಗಿ ಕಟ್ಟಿದ ಗಾಡಿಯೂ ಮಿತಿಮೀರಿದ ಭಾರದಲ್ಲಿ ಮುರಿಯುತ್ತದೆ. ಬ್ರೋಶರಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವ ಖಾಲಿ ತೂಕವನ್ನು ನಂಬಬೇಡಿ. ಬಾಗಿಲ ಹತ್ತಿರ ಅಂಟಿಸಿದ ಹಳದಿ ಚೀಟಿಯಲ್ಲಿ ಆ ನಿರ್ದಿಷ್ಟ ಗಾಡಿ ಎಷ್ಟು ಸಾಮಾನು ಹೊರಬಹುದು ಅಂತ ಬರೆದಿರುತ್ತದೆ, ಅದು ಕಾನೂನಿನ ಪ್ರಕಾರ ಹಾಕಲೇಬೇಕಾದ ಚೀಟಿ.

ಒಂದು ಲೆಕ್ಕ ಹಾಕೋಣ. ಗಾಡಿಯ ಒಟ್ಟು ಮಿತಿ 5,000 ಪೌಂಡ್, ಸಾಮಾನಿಗೆ ಉಳಿದದ್ದು 800 ಪೌಂಡ್ ಅಂತಿಟ್ಟುಕೊಳ್ಳಿ. 40 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿದರೆ 334 ಪೌಂಡ್, ಅಂದರೆ 151 ಕಿಲೊ, ಅಲ್ಲೇ ಹೋಯಿತು. ಡೀಲರ್ ಹಾಕಿಕೊಡುವ ಬ್ಯಾಟರಿ ಅರವತ್ತು ಪೌಂಡ್. ಉಳಿದ ನಾನೂರು ಪೌಂಡಿನಲ್ಲಿ ಹಾಸಿಗೆ ಹೊದಿಕೆ, ಪಾತ್ರೆ, ಅಕ್ಕಿ ಬೇಳೆ, ಕುರ್ಚಿ, ಮಕ್ಕಳ ಸೈಕಲ್ಲು, ಬಟ್ಟೆ ಎಲ್ಲ ಹಿಡಿಸಬೇಕು. ಇನ್ನು ಎಳೆಯುವ ಕಾರಿನ ಕಡೆ ಬನ್ನಿ. ನಮ್ಮವರಲ್ಲಿ ಹೆಚ್ಚಿನವರ ಹತ್ತಿರ ಇರುವುದು 5,000 ಪೌಂಡ್ ಎಳೆಯಬಲ್ಲ ಏಳು ಸೀಟಿನ ಎಸ್‌ಯುವಿ. ಸರಿಹೋಯಿತಲ್ಲ ಅನ್ನಿಸುತ್ತದೆ. ಆದರೆ ಟ್ರೇಲರಿನ ತೂಕದಲ್ಲಿ ಶೇ 10ರಿಂದ 15ರಷ್ಟು ಹಿಚ್ಚಿನ (ಟ್ರೇಲರನ್ನು ಕಾರಿಗೆ ಜೋಡಿಸುವ ಕೊಂಡಿಯ) ಮೇಲೆ ಕೂರಬೇಕು, ಇಲ್ಲವಾದರೆ ಹೆದ್ದಾರಿಯಲ್ಲಿ ಅದು ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಶೇ 12 ಅಂದರೂ 600 ಪೌಂಡ್. ಹಿಚ್ಚಿನ ಸಾಮಾನು 80. ನಾಲ್ಕು ಜನ 550. ಒಟ್ಟು 1,230. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಕಾರು ಹೊರುವ ಮಿತಿ 1,300 ಅಂತಿದ್ದರೆ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಡುವಷ್ಟರಲ್ಲಿ ಮುಗಿಯಿತು. ಎಳೆಯುವ ಶಕ್ತಿಯೊಂದನ್ನೇ ಹೇಳಿ, ಹೊರುವ ಶಕ್ತಿಯ ವಿಷಯ ಎತ್ತದ ಸೇಲ್ಸ್‌ಮನ್ ನಿಮ್ಮ ಮಕ್ಕಳ ಜೀವದ ಬಗ್ಗೆ ಯೋಚಿಸುತ್ತಿಲ್ಲ.

ಹಣ ಕೊಡುವ ಮುನ್ನಿನ ದಿನ

ಪ್ರೀ ಡೆಲಿವರಿ ಇನ್‌ಸ್ಪೆಕ್ಷನ್ ಅಂತ ಡೀಲರ್ ಒಂದು ಗಂಟೆ ಸ್ವಿಚ್ಚುಗಳನ್ನು ತೋರಿಸಿ ಕೈಕುಲುಕುವುದುಂಟು. ಅದು ತಪಾಸಣೆಯಲ್ಲ, ಪರಿಚಯ. ತಪಾಸಣೆಗೆ ಹಗಲಿನ ನಾಲ್ಕೈದು ಗಂಟೆ ಬೇಕು, ಗಾಡಿಗೆ ನೀರು, ಕರೆಂಟು, ಗ್ಯಾಸು ಮೂರೂ ಜೋಡಿಸಿರಬೇಕು. ಈ ಷರತ್ತು ಮುಂಗಡ ಕೊಡುವಾಗಲೇ ಕಾಗದದಲ್ಲಿ ಬರಲಿ, ತೃಪ್ತಿಯಾಗದಿದ್ದರೆ ಮುಂಗಡ ವಾಪಸ್ ಅನ್ನುವುದೂ ಬರಲಿ. ಹಿಂದಿನ ರಾತ್ರಿಯೇ ಫ್ರಿಜ್ಜು ಆನ್ ಮಾಡಿಡಲು ಹೇಳಿ. ಗ್ಯಾಸಿನ ಫ್ರಿಜ್ಜು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ನೀವು ನಿಂತಾಗ ಶುರುಮಾಡಿದರೆ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ.

ಒಂದು ಪರೀಕ್ಷೆ ಬಹಳ ಉಪಯೋಗದ್ದು. ಟ್ಯಾಂಕಿಗೆ ನೀರು ತುಂಬಿಸಿ, ಹೊರಗಿನ ನಲ್ಲಿಯ ಪೈಪು ತೆಗೆದು, ಪಂಪ್ ಆನ್ ಮಾಡಿ, ಎಲ್ಲ ನಲ್ಲಿ ಮುಚ್ಚಿ ಸುಮ್ಮನೆ ಕೂತು ಕೇಳಿ. ಒತ್ತಡ ಏರಿದ ಮೇಲೆ ಪಂಪ್ ನಿಲ್ಲಬೇಕು, ನಿಂತೇ ಇರಬೇಕು. ಹತ್ತು ನಿಮಿಷದಲ್ಲಿ ಮತ್ತೆ ಗೊರ್ ಅಂದರೆ ಎಲ್ಲೋ ನೀರು ಒಸರುತ್ತಿದೆ. ಕೆಳಹೊಟ್ಟೆಯನ್ನು ಮುಚ್ಚಿರುವ ಪ್ಲಾಸ್ಟಿಕ್ ಹಾಳೆ ಒಂದು ಕಡೆ ಜೋತುಬಿದ್ದಿದೆಯೇ ಅಂತಲೂ ಆಗ ನೋಡಿ, ಸೋರಿದ ನೀರು ಅಲ್ಲೇ ಶೇಖರವಾಗುತ್ತದೆ. ಸ್ಲೈಡ್ ಅನ್ನು ಎರಡು ಮೂರು ಸಲ ಹೊರಗೆ ಒಳಗೆ ಆಡಿಸಿ, ಎರಡೂ ಬದಿ ಒಟ್ಟಿಗೆ ಸಾಗದೆ ಓರೆಯಾದರೆ ಬೇಡ. ಗಾಡಿಯೊಳಗೆ ಸಣ್ಣಗೆ ಗಾಳಿಯ ಒತ್ತಡ ಕೊಟ್ಟು ಹೊರಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುವ ಕಡೆ ಹುಡುಕುವ ಪರೀಕ್ಷೆಯೂ ಇದೆ. ಮಾಡುವ ಸಲಕರಣೆ ಇರುವ ಡೀಲರ್ ಸಿಕ್ಕರೆ ಹಣ ಕೊಟ್ಟಾದರೂ ಮಾಡಿಸಿ. ಇದೆಲ್ಲ ನಮ್ಮ ಕೈಯಲ್ಲಾಗದು ಅನ್ನುವವರಿಗೆ ಎನ್‌ಆರ್‌ವಿಐಎ ಎಂಬ ಪರಿವೀಕ್ಷಕರ ಸಂಘದ ಪ್ರಮಾಣಪತ್ರ ಪಡೆದ ಸ್ವತಂತ್ರ ಪರಿವೀಕ್ಷಕರಿದ್ದಾರೆ. ನೂರಾರು ಡಾಲರ್ ಖರ್ಚಾಗುತ್ತದೆ, ದೊಡ್ಡ ಗಾಡಿಯಾದರೆ ಇನ್ನೂ ಹೆಚ್ಚು. ಅವರನ್ನು ಒಳಗೆ ಬಿಡುವುದಿಲ್ಲ ಅನ್ನುವ ಡೀಲರ್ ಹತ್ತಿರ ವ್ಯವಹಾರವೇ ಬೇಡ.

ಇಷ್ಟು ಹಟ ಯಾಕೆ ಅಂದರೆ ಸಹಿ ಹಾಕಿದ ಮೇಲೆ ಕಾನೂನಿನ ಆಸರೆ ತೆಳ್ಳಗಿದೆ. ಹೊಸ ಕಾರಿಗೆ ಪ್ರತಿ ರಾಜ್ಯದಲ್ಲೂ ಲೆಮನ್ ಕಾನೂನು, ಅಂದರೆ ರಿಪೇರಿ ಮಾಡಿದರೂ ಸರಿಹೋಗದ ಕಾರು ಕೊಂಡವರಿಗೆ ರಕ್ಷಣೆ ಕೊಡುವ ಕಾನೂನು ಇದೆ. ಆದರೆ ಹಲವು ರಾಜ್ಯಗಳಲ್ಲಿ ಎಂಜಿನ್ ಇಲ್ಲದ ಟ್ರೇಲರ್ ಆ ಕಾನೂನಿಗೆ ಬರುವುದೇ ಇಲ್ಲ. ಎಂಜಿನ್ ಇರುವ ಮೋಟರ್‌ಹೋಮ್ ಆದರೂ ಹಲವು ಕಡೆ ಚಾಸಿಸ್ ಮಾತ್ರ ಬರುತ್ತದೆ, ಮಲಗುವ ಉಣ್ಣುವ ಭಾಗ ಹೊರಗುಳಿಯುತ್ತದೆ. 1975ರ ಮ್ಯಾಗ್ನಸನ್ ಮಾಸ್ ವಾರಂಟಿ ಕಾಯ್ದೆ ಎಲ್ಲರಿಗೂ ಇದೆ ನಿಜ. ಆದರೆ ವಕೀಲರನ್ನು ಹಿಡಿದು ಹೋರಾಡಬೇಕು, ಮತ್ತು ಕೆಲವು ಕಂಪನಿಗಳ ವಾರಂಟಿ ಪತ್ರದಲ್ಲಿ ವ್ಯಾಜ್ಯ ಇಂಡಿಯಾನಾ ನ್ಯಾಯಾಲಯದಲ್ಲೇ ನಡೆಯಬೇಕು ಅಂತ ಬರೆದಿರುತ್ತದೆ. ಕ್ಯಾಲಿಫೋರ್ನಿಯಾದ ಕುಟುಂಬ ಅಲ್ಲಿಗೆ ಹೋಗಿ ಕೇಸು ನಡೆಸುವುದು ಆಗುವ ಮಾತೇ? ವಾರಂಟಿ ಸಾಮಾನ್ಯವಾಗಿ ಒಂದು ವರ್ಷ. ಸೀಲೆಂಟ್ ನೋಡಿಕೊಳ್ಳುವುದು ಮಾಲೀಕರ ಹೊಣೆ ಅಂತ ಅದರಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಚಾವಣಿ ಹತ್ತಿ ಫೋಟೊ ತೆಗೆದಿಟ್ಟುಕೊಂಡವರಿಗೆ ಮಾತ್ರ ಸೋರಿಕೆಯ ದಾವೆಯಲ್ಲಿ ಬಲ. ಇದರ ಜೊತೆಗೆ ಸಾಲದ ಅವಧಿ 15, 20 ವರ್ಷ. ಗಾಡಿಯ ಬೆಲೆಯೋ ಅಂಗಳ ದಾಟಿದ ದಿನದಿಂದಲೇ ಕುಸಿಯುತ್ತದೆ. ಕೆಟ್ಟ ಗಾಡಿ ಮಾರಿ ಕೈತೊಳೆದುಕೊಳ್ಳೋಣ ಅಂದರೆ ಬಂದ ಹಣ ಸಾಲಕ್ಕೇ ಸಾಲುವುದಿಲ್ಲ.

ಬೇರೆ ಕಡೆ ಹೀಗಿಲ್ಲ ಅನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ. ಬ್ರಿಟನ್ ಮತ್ತು ಜರ್ಮನಿಯಲ್ಲಿ ಹಲವು ಕಂಪನಿಗಳು ನೀರು ಒಳಗೆ ಬರದಂತೆ ಐದರಿಂದ ಹತ್ತು ವರ್ಷದ ವಾರಂಟಿ ಕೊಡುತ್ತವೆ. ವರ್ಷಕ್ಕೊಮ್ಮೆ ಅಧಿಕೃತವಾಗಿ ತೇವದ ಪರೀಕ್ಷೆ ಮಾಡಿಸಿದ ದಾಖಲೆ ಇದ್ದರಾಯಿತು. ಹತ್ತು ವರ್ಷದ ಮಾತು ಕೊಟ್ಟ ಕಂಪನಿ ಕೂಡುಗೀಲನ್ನು ಹಾಗೇ ಕಟ್ಟುತ್ತದೆ. ಜರ್ಮನಿಯ ಹೈಮರ್ ಸಮೂಹವನ್ನು ಥಾರ್ 2019ರಲ್ಲೇ ಕೊಂಡಿದೆ, ಅಂದರೆ ಆ ವಿದ್ಯೆ ಎಲ್ಕ್‌ಹಾರ್ಟ್‌ನ ಮಾಲೀಕರ ಮನೆಯಲ್ಲೇ ಇದೆ. ಅಮೆರಿಕದ ಕೊಳ್ಳುಗರು ಕೇಳುವ ಮೊದಲ ಪ್ರಶ್ನೆ ಟಿವಿಯ ಅಳತೆಯಾಗಿರುವವರೆಗೆ ಅದು ಇಲ್ಲಿ ಸಾಮಾನ್ಯ ಗಾಡಿಗೆ ಇಳಿದು ಬರುವುದಿಲ್ಲ.

ಊರಲ್ಲಿರುವ ಓದುಗರಿಗೂ ಇದರಲ್ಲಿ ಕೆಲಸಕ್ಕೆ ಬರುವಂಥದ್ದಿದೆ. ಕೇರಳ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ಕರ್ನಾಟಕದಲ್ಲೂ ಬಾಡಿಗೆ ಕಾರವಾನ್‌ಗಳ ಮಾತು ಹೆಚ್ಚಾಗಿದೆ. ಫೋರ್ಸ್ ಟ್ರಾವೆಲರ್‌ನಂಥ ವ್ಯಾನುಗಳ ಮೇಲೆ ಒಂದೊಂದನ್ನೇ ಕಟ್ಟಿಕೊಡುವವರಿದ್ದಾರೆ. ಉಕ್ಕಿನ ಮೈಯ ವ್ಯಾನ್ ಆದ್ದರಿಂದ ಗೋಡೆ ಕೊಳೆಯುವ ಭಯ ಕಡಿಮೆ, ಆದರೆ ಚಾವಣಿಯಲ್ಲಿ ಎಸಿಗೂ ಫ್ಯಾನಿಗೂ ಕೊರೆದ ತೂತು ಅಲ್ಲೂ ಇದೆ, ಆಗುಂಬೆಯ ಮಳೆ ಅದನ್ನು ಬಿಡುವುದಿಲ್ಲ. ಕಾರವಾನ್‌ಗಳಿಗಿರುವ ಎಐಎಸ್ 124 ಮಾನದಂಡದ ಪ್ರಕಾರ ಅನುಮೋದನೆ ಸಿಕ್ಕಿದೆಯೇ, ಆರ್‌ಸಿ ಪುಸ್ತಕದಲ್ಲಿ ಕಾರವಾನ್ ಅಂತ ನಮೂದಾಗಿದೆಯೇ ಅಂತ ಕೇಳಿ ಮುಂದುವರಿಯಿರಿ.

ಎಲ್ಲ ನೋಡಿ ಕೊಂಡಾದ ಮೇಲೆ ಮೊದಲ ಎರಡು ರಾತ್ರಿ ಡೀಲರಿನಿಂದ ಅರ್ಧ ಗಂಟೆಯ ದೂರದ ಕ್ಯಾಂಪ್‌ಗ್ರೌಂಡಿನಲ್ಲಿ ಕಳೆಯಿರಿ. ಎಲ್ಲ ಉಪಕರಣ ಬಳಸಿ, ಎಲ್ಲರೂ ಸ್ನಾನ ಮಾಡಿ, ರಾತ್ರಿ ಹೀಟರ್ ಹಾಕಿ. ಕಂಡ ದೋಷಗಳನ್ನು ಫೋಟೊ ಸಮೇತ ಬರೆದು ಇಮೇಲಿನಲ್ಲೇ ಕಳಿಸಿ, ಫೋನಿನಲ್ಲಿ ಹೇಳಿದ್ದು ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ರಿಪೇರಿಗೆ ಗಾಡಿ ಬಿಟ್ಟ ದಿನ, ವಾಪಸ್ ಬಂದ ದಿನ ನಮೂದಿಸಿದ ರಸೀದಿ ತೆಗೆದುಕೊಳ್ಳಿ. ಬ್ರೇಕು, ಟೈರು, ಗ್ಯಾಸು, ಚಾಸಿಸ್‌ನ ಬಿರುಕು ಇಂಥ ಜೀವಕ್ಕೆ ಸಂಬಂಧಪಟ್ಟ ದೋಷವಾದರೆ ಡೀಲರಿಗೆ ಹೇಳಿದಷ್ಟಕ್ಕೇ ಬಿಡದೆ ಎನ್‌ಎಚ್‌ಟಿಎಸ್‌ಎಗೂ ದೂರು ಕೊಡಿ. ಅಲ್ಲಿ ದಾಖಲಾಗುವ ಇಂಥ ದೂರುಗಳಿಂದಲೇ ಎಷ್ಟೋ ರೀಕಾಲ್‌ಗಳು ಶುರುವಾಗುತ್ತವೆ, ಮತ್ತು ಅದೇ ಮಾಡೆಲ್ ಕೊಳ್ಳಲು ಹೊರಟ ಇನ್ನೊಂದು ಮನೆಯವರು ಹುಡುಕಿದಾಗ ಅವರ ಕಣ್ಣಿಗೂ ಬೀಳುತ್ತದೆ.